ಮೇಲ್‌ಗಳ ರಾಶಿಯಲ್ಲಿ ವಿದ್ಯಾರ್ಥಿವೇತನದ ಪತ್ರ ಕಳೆಯದಿರಲಿ



ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಪ್ಪಿದ್ದರೆ ತಿದ್ದಲು ಕೆಲವೇ ದಿನಗಳ ಅವಕಾಶವಿರುತ್ತದೆ. ಆ ಸೂಚನೆ ಶಾಪಿಂಗ್, ಕೋಚಿಂಗ್, ನೌಕರಿ ಜಾಹೀರಾತುಗಳ ಕೆಳಗೆ ಹೂತುಹೋದರೆ ಒಂದು ವರ್ಷದ ನೆರವೇ ಕೈತಪ್ಪಬಹುದು. ದಾನಿಗಳಿಗೆ ಕಳಿಸಿದ ರಸೀದಿಯೂ ಹೀಗೆಯೇ ಕಾಣದಾಗುತ್ತದೆ.

ಈ ಜಾಹೀರಾತುಗಳೆಲ್ಲ ಮೋಸದವಲ್ಲ. ಆ್ಯಪ್ ಹಾಕಿಕೊಳ್ಳುವಾಗ, ಫಾರ್ಮ್ ತುಂಬುವಾಗ ನಾವೇ ಒಪ್ಪಿಗೆ ಕೊಟ್ಟಿರುತ್ತೇವೆ. ನಿಲ್ಲಿಸುವುದೂ ನಮ್ಮ ಕೈಯಲ್ಲೇ ಇದೆ.

1. ಪರಿಚಿತ ಕಂಪನಿಯ ಮೇಲ್ ಬೇಡವಾದರೆ ‘ಅನ್‌ಸಬ್‌ಸ್ಕ್ರೈಬ್’ ಒತ್ತಿರಿ. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಜಾಹೀರಾತುಗಳಿಗೆ ಈ ಸೌಲಭ್ಯ ಕೊಡಲೇಬೇಕೆಂದು ಗೂಗಲ್ 2024ರಲ್ಲಿ ನಿಯಮ ಮಾಡಿದೆ.

2. ಗುರುತಿಲ್ಲದವರ ಮೇಲ್‌ನಲ್ಲಿ ಯಾವ ಲಿಂಕನ್ನೂ ಒತ್ತಬೇಡಿರಿ. ‘ಸ್ಪ್ಯಾಮ್’ ಎಂದು ಗುರುತಿಸಿರಿ.

3. ವಾರಕ್ಕೊಮ್ಮೆ ‘ಪ್ರಮೋಷನ್ಸ್’, ‘ಸ್ಪ್ಯಾಮ್’ ಎರಡನ್ನೂ ನೋಡಿರಿ. ಸ್ಪ್ಯಾಮ್‌ನಲ್ಲಿರುವುದು 30 ದಿನಗಳಲ್ಲಿ ತಾನಾಗಿಯೇ ಅಳಿದುಹೋಗುತ್ತದೆ.

4. ಬೇಡವಾದದ್ದನ್ನು ಅಳಿಸಿರಿ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಾಗದಲ್ಲಿ ಫೋಟೊಗಳೂ ಸೇರಿವೆ. ಅದು ತುಂಬಿದರೆ ಹೊಸ ಮೇಲ್ ಬರುವುದಿಲ್ಲ.

5. ಟ್ರಸ್ಟಿನ ವಿಳಾಸವನ್ನು ನಿಮ್ಮ ಕಾಂಟ್ಯಾಕ್ಟ್‌ನಲ್ಲಿ ಸೇರಿಸಿಕೊಳ್ಳಿರಿ.

ಗಬ್ಬೂರಿನ ಪಾಲಕರಲ್ಲಿ ನಮ್ಮ ವಿಶೇಷ ವಿನಂತಿ: ಅರ್ಜಿಯಲ್ಲಿ ಆನ್‌ಲೈನ್ ಸೆಂಟರ್‌ನವರ ಮೇಲ್ ವಿಳಾಸ ಬೇಡ, ಮಗುವಿನದೋ ಮನೆಯವರದೋ ಇರಲಿ. ಪತ್ರ ಅಲ್ಲಿಗೆ ಹೋದರೆ ನಿಮಗೆ ತಿಳಿಯುವಷ್ಟರಲ್ಲಿ ಗಡುವು ಮುಗಿದಿರುತ್ತದೆ.