ಪೂರಿಗಾಲಿಯಿಂದ ಜರ್ಮನಿಗೆ: ಕಡಿಮೆ ಖರ್ಚಿನ ಮೊದಲ ರೈಲು ಪ್ರವಾಸ

ಜರ್ಮನಿಯ ರೈಲು ಅಗ್ಗವೂ ಹೌದು, ದುಬಾರಿಯೂ ಹೌದು. ಒಂದೇ ರೈಲಿನಲ್ಲಿ ಅಕ್ಕಪಕ್ಕ ಕೂತ ಇಬ್ಬರಲ್ಲಿ ತಿಂಗಳುಗಳ ಮೊದಲೇ ಟಿಕೆಟ್ ಕೊಂಡವರಿಗಿಂತ ಅದೇ ದಿನ ಕೊಂಡವರು ಹಲವು ಪಟ್ಟು ಹೆಚ್ಚು ಹಣ ತೆತ್ತಿರುತ್ತಾರೆ. ಮಂಡ್ಯದಿಂದ ಬೆಂಗಳೂರಿಗೆ ಹೋಗುವ ಪ್ಯಾಸೆಂಜರ್ ರೈಲಿನ ದರ ದೂರವನ್ನು ನೋಡಿ ನಿಗದಿಯಾಗುತ್ತದೆ. ಜರ್ಮನಿಯ ದೂರಪ್ರಯಾಣದ ರೈಲುಗಳ ದರ ಬೇಡಿಕೆಗೆ ತಕ್ಕಂತೆ ಏರುತ್ತ ಹೋಗುತ್ತದೆ. ಹಾಗಾಗಿ ಹಣ ಉಳಿಯುವುದು ಅಲ್ಲಿ ಹೋಗಿ ಚೌಕಾಸಿ ಮಾಡುವುದರಿಂದಲ್ಲ, ಇಲ್ಲಿ ಮನೆಯಲ್ಲಿ ಕೂತು ಸರಿಯಾದ ಕ್ರಮದಲ್ಲಿ ನಿರ್ಧಾರ ತೆಗೆದುಕೊಳ್ಳುವುದರಿಂದ. ಪೂರಿಗಾಲಿ, ಮಳವಳ್ಳಿ, ಮದ್ದೂರು ಕಡೆಯಿಂದ ಮೊದಲ ಬಾರಿ ಹೊರಡುವವರಿಗೆ ಆ ಕ್ರಮ ಹೀಗಿದೆ.

ಹಂತ 1: ತಿಂಗಳು ಗೊತ್ತುಮಾಡುವುದು

ಪ್ರವಾಸಕ್ಕೆ ಕನಿಷ್ಠ ಆರು ತಿಂಗಳು ಮುಂಚೆ ತಿಂಗಳು ಗೊತ್ತಾಗಬೇಕು. ಮೇ ತಿಂಗಳು ಮತ್ತು ಸೆಪ್ಟೆಂಬರ್‌ನ ಮೊದಲ ಎರಡು ವಾರ ಹಿತವಾದ ಕಾಲ. ಹಗಲು ಉದ್ದವಿರುತ್ತದೆ, ಚಳಿ ಹದವಾಗಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿನ ಶಾಲೆಗಳಿಗೆ ರಜೆ ಇರುವುದರಿಂದ ರೈಲು, ವಸತಿ ಎರಡೂ ತುಂಬಿರುತ್ತವೆ. ಸೆಪ್ಟೆಂಬರ್ ಮೂರನೇ ವಾರದ ಹೊತ್ತಿಗೆ ಮ್ಯೂನಿಕ್‌ನಲ್ಲಿ ಆಕ್ಟೋಬರ್‌ಫೆಸ್ಟ್ ಶುರುವಾಗಿ ಕೋಣೆಗಳ ಬಾಡಿಗೆ ಗಗನಕ್ಕೇರುತ್ತದೆ. ಇಡೀ ಪ್ರವಾಸ ಒಂದೇ ಕ್ಯಾಲೆಂಡರ್ ತಿಂಗಳೊಳಗೆ ಮುಗಿಯುವಂತೆ ದಿನ ಆರಿಸುವುದು ಲೇಸು. ಇದರ ಲಾಭ ಐದನೇ ಹಂತದಲ್ಲಿ ತಿಳಿಯುತ್ತದೆ.

ಹಂತ 2: ಪಾಸ್‌ಪೋರ್ಟ್

ಹೊಸ ಪಾಸ್‌ಪೋರ್ಟ್‌ಗೆ ಮೈಸೂರು ಅಥವಾ ಬೆಂಗಳೂರಿನ ಕೇಂದ್ರದಲ್ಲಿ ದಿನ ಕಾಯ್ದಿರಿಸಬಹುದು. ನಮ್ಮ ಕಡೆಯವರು ಎಡವುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಇನಿಷಿಯಲ್, ಅಂಕಪಟ್ಟಿಯಲ್ಲಿ ತಂದೆಯ ಪೂರ್ತಿ ಹೆಸರು, ಬ್ಯಾಂಕ್ ಪುಸ್ತಕದಲ್ಲಿ ಇನ್ನೊಂದು ರೂಪ ಇರುತ್ತದೆ. ಇವನ್ನು ಮೊದಲೇ ಒಂದೇ ರೂಪಕ್ಕೆ ತರಬೇಕು. ವಿಮಾನ, ವಿಮೆ, ರೈಲು ಟಿಕೆಟ್ ಎಲ್ಲದರಲ್ಲೂ ಪಾಸ್‌ಪೋರ್ಟ್‌ನಲ್ಲಿರುವ ಹೆಸರೇ ಅಕ್ಷರಶಃ ಇರಬೇಕು. ಹಳೆಯ ಪಾಸ್‌ಪೋರ್ಟ್ ಇರುವವರು ಮೂರು ವಿಷಯ ನೋಡಿಕೊಳ್ಳಬೇಕು: ಅದು ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಮರಳುವ ದಿನದ ನಂತರವೂ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು.

ಹಂತ 3: ಕಡಿಮೆ ಊರು, ಹೆಚ್ಚು ದಿನ

ಹತ್ತು ದಿನದಲ್ಲಿ ಹತ್ತು ಊರು ನೋಡುವ ಆಸೆಯೇ ಖರ್ಚಿನ ಮೂಲ. ದಿನಕ್ಕೊಂದು ಕೋಣೆ ಬದಲಿಸಿದರೆ ಬಾಡಿಗೆ, ದೂರದ ರೈಲಿನ ಟಿಕೆಟ್, ಲಗೇಜ್ ಲಾಕರ್ ಎಲ್ಲವೂ ಸೇರಿಕೊಳ್ಳುತ್ತವೆ. ಮೂರು ಊರುಗಳಲ್ಲಿ ಬಿಡಾರ ಹೂಡಿ, ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ಪ್ರವಾಸಗಳನ್ನು ಮಾಡುವುದು ಹಗುರ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೂ ಮ್ಯೂನಿಕ್‌ಗೂ ನೇರ ವಿಮಾನ ಇರುವುದರಿಂದ ಒಂದರಲ್ಲಿ ಇಳಿದು ಇನ್ನೊಂದರಿಂದ ಮರಳಬಹುದು. ಬಂದ ದಾರಿಯಲ್ಲೇ ಹಿಂತಿರುಗುವ ಖರ್ಚು ಉಳಿಯುತ್ತದೆ.

ಫ್ರಾಂಕ್‌ಫರ್ಟ್, ಮೂರು ರಾತ್ರಿ: ಮೈನ್ಜ್‌ನಿಂದ ಕೊಬ್ಲೆನ್ಜ್‌ಗೆ ರೈನ್ ನದಿಯ ದಡದಲ್ಲೇ ಸಾಗುವ ರೈಲು ಪಯಣಕ್ಕೆ ಒಂದು ದಿನ ಬೇಕು. ಕೋಟೆಗಳೂ ದ್ರಾಕ್ಷಿ ತೋಟಗಳೂ ಇರುವ ಈ ಕಣಿವೆ 2002ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಇನ್ನೊಂದು ದಿನ ಹೈಡೆಲ್‌ಬರ್ಗ್‌ಗೆ.

ಸ್ಟುಟ್‌ಗಾರ್ಟ್, ಮೂರು ರಾತ್ರಿ: ಕನ್ನಡಿಗರು ತಪ್ಪಿಸಬಾರದ ಭಾಗ ಇದು. ಇಲ್ಲಿಂದ ಸುಮಾರು ಒಂದು ಗಂಟೆಯ ದೂರದಲ್ಲಿರುವ ಟ್ಯೂಬಿಂಗೆನ್‌ನಲ್ಲಿ ಕನ್ನಡ ನಿಘಂಟುಕಾರ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ಕೊನೆಯುಸಿರೆಳೆದರು. 1894ರಲ್ಲಿ ಅವರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದ ಮೇಲೆ ಅಲ್ಲಿನ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ನೀಡಿತು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ತೀರಿಕೊಂಡ ಎಸ್ಲಿಂಗೆನ್ ಊರು ಸ್ಟುಟ್‌ಗಾರ್ಟ್‌ನ ಪಕ್ಕದಲ್ಲೇ ಇದೆ, ಲೋಕಲ್ ರೈಲಿನಲ್ಲಿ ಹೋಗಿ ಬರಬಹುದು.

ಮ್ಯೂನಿಕ್, ನಾಲ್ಕು ರಾತ್ರಿ: ಸ್ಟುಟ್‌ಗಾರ್ಟ್‌ನಿಂದ ಬರುವಾಗ ಉಲ್ಮ್‌ನಲ್ಲಿ ಇಳಿದು 161 ಮೀಟರ್ ಎತ್ತರದ ಚರ್ಚ್ ಗೋಪುರ ನೋಡಬಹುದು. ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ ವಿಜ್ಞಾನ, ಯಂತ್ರಗಳ ದೊಡ್ಡ ಸಂಗ್ರಹಾಲಯ. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಶಿವನಸಮುದ್ರದ ನೆರೆಯವರಿಗೆ ಅದು ಬೇಗ ಆಪ್ತವಾಗುತ್ತದೆ. ನ್ಯೂರೆಂಬರ್ಗ್‌ಗೆ ಒಂದು ದಿನ ಇಡಬೇಕು. ಜರ್ಮನಿಯ ಮೊದಲ ಉಗಿಬಂಡಿ ರೈಲು 1835ರ ಡಿಸೆಂಬರ್ 7ರಂದು ಅಲ್ಲಿಂದ ಫ್ಯುರ್ತ್‌ಗೆ ಓಡಿತು. ಅದರ ಕಥೆ ಹೇಳುವ ರೈಲ್ವೆ ಸಂಗ್ರಹಾಲಯ ನಿಲ್ದಾಣದ ಹತ್ತಿರವೇ ಇದೆ.

ಇನ್ನಷ್ಟು ದಿನ ಇರುವವರು ಡ್ರೆಸ್ಡೆನ್ ಸೇರಿಸಿಕೊಳ್ಳಬಹುದು. ಲಾಲ್‌ಬಾಗ್ ಮತ್ತು ಕೆಆರ್‌ಎಸ್‌ನ ಬೃಂದಾವನ ಉದ್ಯಾನಗಳ ಜತೆ ಹೆಸರು ಬೆಸೆದುಕೊಂಡಿರುವ ಕ್ರುಂಬಿಗಲ್ ಹುಟ್ಟಿದ ಲೋಹ್‌ಮೆನ್ ಆ ನಗರದ ಸಮೀಪದಲ್ಲಿದೆ.

ಹಂತ 4: ವೀಸಾ

ಬೇಕಾದದ್ದು ಅಲ್ಪಾವಧಿಯ ಷೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹದಿನೈದು ದಿನ ಮೊದಲಿನವರೆಗೆ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ದಿನ ಸಿಗುವುದು ಕಷ್ಟವಾದ್ದರಿಂದ ಮೂರು ತಿಂಗಳು ಮೊದಲೇ ಹಾಕುವುದು ಕ್ಷೇಮ. ಅರ್ಜಿಯನ್ನು ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಕೊಡಬೇಕು. 2024ರ ಜೂನ್‌ನಿಂದ ಶುಲ್ಕ ವಯಸ್ಕರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೊ. ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ.

ಬ್ಯಾಂಕ್ ಖಾತೆಯ ವಿವರ, ಆದಾಯ ತೆರಿಗೆ ದಾಖಲೆ, ಉದ್ಯೋಗದಲ್ಲಿರುವವರಿಗೆ ರಜೆಪತ್ರ ಬೇಕಾಗುತ್ತವೆ. ಪ್ರವಾಸ ಮುಗಿಸಿ ಊರಿಗೆ ಮರಳುತ್ತಾರೆ ಎಂಬುದು ಅಧಿಕಾರಿಗೆ ಮನದಟ್ಟಾಗಬೇಕು. ರೈತ ಕುಟುಂಬದವರು ಜಮೀನಿನ ಪಹಣಿ, ಕಾರ್ಖಾನೆಗೆ ಕಬ್ಬು ಹಾಕಿದ ಬಿಲ್ಲುಗಳನ್ನು ಪೂರಕವಾಗಿ ಇಡಬಹುದು. ಕನ್ನಡದ ದಾಖಲೆಗಳ ಜತೆ ಇಂಗ್ಲಿಷ್ ಅಥವಾ ಜರ್ಮನ್ ಅನುವಾದ ಇರಬೇಕು. ಮಗ, ಮಗಳು ಅಲ್ಲೇ ಕೆಲಸದಲ್ಲಿದ್ದು ಖರ್ಚು ಹೊರುವುದಾದರೆ, ತಮ್ಮ ಊರಿನ ವಿದೇಶಿಯರ ಕಚೇರಿಯಿಂದ ಅಧಿಕೃತ ಹೊಣೆಪತ್ರ ಮಾಡಿಸಿ ಕಳಿಸಬಹುದು. ಸಾದಾ ಆಹ್ವಾನ ಪತ್ರ ಅದಕ್ಕೆ ಸಮನಲ್ಲ.

ಹಂತ 5: ರೈಲು ಟಿಕೆಟ್

ಜರ್ಮನಿಯ ರೈಲುಗಳಲ್ಲಿ ಎರಡು ಬಗೆ. ಐಸಿಇ, ಐಸಿ ಎಂಬವು ದೂರಪ್ರಯಾಣದ ವೇಗದ ರೈಲುಗಳು. ಆರ್‌ಇ, ಆರ್‌ಬಿ, ಎಸ್-ಬಾನ್ ಎಂಬವು ಪ್ರಾದೇಶಿಕ ರೈಲುಗಳು, ನಮ್ಮ ಪ್ಯಾಸೆಂಜರ್, ಮೆಮು ಇದ್ದಂತೆ. ಯಾವ ಟಿಕೆಟ್ ಯಾವ ಬಗೆಗೆ ಎಂಬುದು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಡಾಯ್ಚ್‌ಲಾಂಡ್ ಟಿಕೆಟ್: ಇದು ತಿಂಗಳ ಪಾಸ್. 2023ರ ಮೇ 1ರಂದು 49 ಯೂರೊಗೆ ಆರಂಭವಾಗಿ, 2026ರ ಜನವರಿಯಿಂದ 63 ಯೂರೊ ಆಗಿದೆ. ದೇಶದ ಎಲ್ಲ ಪ್ರಾದೇಶಿಕ ರೈಲು, ನಗರದ ಬಸ್ಸು, ಟ್ರಾಮ್, ಮೆಟ್ರೊಗಳಲ್ಲಿ ನಡೆಯುತ್ತದೆ. ಐಸಿಇ, ಐಸಿಗಳಲ್ಲಿ ನಡೆಯುವುದಿಲ್ಲ. ಇದು ಒಂದನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ಲೆಕ್ಕ. ಮೇ 25ರಿಂದ ಜೂನ್ 4ರವರೆಗೆ ಸುತ್ತುವವರು ಎರಡು ತಿಂಗಳ ಹಣ ಕಟ್ಟಬೇಕಾಗುತ್ತದೆ. ಒಂದೇ ತಿಂಗಳೊಳಗೆ ಪ್ರವಾಸ ಮುಗಿಸಬೇಕು ಎಂದದ್ದು ಇದಕ್ಕೇ. ಚಂದಾ ರೂಪದ ಪಾಸ್ ಆದ್ದರಿಂದ ಪ್ರತಿ ತಿಂಗಳೂ ತಾನಾಗಿ ಮುಂದುವರಿಯುತ್ತದೆ. ಆ ತಿಂಗಳಿಗೇ ನಿಲ್ಲಿಸಲು 10ನೇ ತಾರೀಖಿನೊಳಗೆ ರದ್ದು ಮಾಡಬೇಕು.

ರಾಜ್ಯ ಟಿಕೆಟ್: ಬವೇರಿಯ, ಬಾಡೆನ್-ವ್ಯುರ್ಟೆಂಬರ್ಗ್‌ನಂಥ ರಾಜ್ಯಗಳಲ್ಲಿ ಒಂದು ದಿನ ಪ್ರಾದೇಶಿಕ ರೈಲುಗಳಲ್ಲಿ ಸುತ್ತುವ ಟಿಕೆಟ್. ಐವರವರೆಗೆ ಒಂದೇ ಟಿಕೆಟ್‌ನಲ್ಲಿ ಹೋಗಬಹುದು. ಮೊದಲ ವ್ಯಕ್ತಿಗೆ ಪೂರ್ತಿ ದರ, ಉಳಿದವರಿಗೆ ಸ್ವಲ್ಪ ಸ್ವಲ್ಪ ಹೆಚ್ಚುವರಿ. ಬವೇರಿಯದ ಟಿಕೆಟ್ ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರವೇ ನಡೆಯುತ್ತದೆ.

ಸ್ಪಾರ್‌ಪ್ರೈಸ್: ಐಸಿಇ ರೈಲುಗಳ ರಿಯಾಯಿತಿ ಟಿಕೆಟ್. ಬೇಗ ಕೊಂಡಷ್ಟೂ ಅಗ್ಗ. ಆದರೆ ಅದರಲ್ಲಿ ನಮೂದಾದ ರೈಲಿಗೇ ಹತ್ತಬೇಕು. ಎಲ್ಲಕ್ಕಿಂತ ಅಗ್ಗದ ‘ಸೂಪರ್ ಸ್ಪಾರ್‌ಪ್ರೈಸ್’ ರದ್ದು ಮಾಡಿದರೆ ಹಣ ಮರಳುವುದಿಲ್ಲ. ಹಾಗಾಗಿ ಅದನ್ನು ವೀಸಾ ಕೈಗೆ ಬಂದ ದಿನವೇ ಕೊಳ್ಳಬೇಕು, ಅದಕ್ಕೆ ಮೊದಲು ಬೇಡ.

ಜರ್ಮನ್ ರೈಲ್ ಪಾಸ್: ಯುರೋಪಿನ ಹೊರಗೆ ವಾಸಿಸುವವರಿಗೆ ಮೀಸಲಾದ, ಐಸಿಇಗೂ ಅನ್ವಯಿಸುವ ಪಾಸ್. ಹ್ಯಾಂಬರ್ಗ್, ಬರ್ಲಿನ್, ಮ್ಯೂನಿಕ್‌ನಂಥ ದೂರದ ಊರುಗಳನ್ನು ಸುತ್ತುವವರಿಗೆ ಮಾತ್ರ ಗಿಟ್ಟುತ್ತದೆ.

ಮೇಲಿನ ಮೂರು ಬಿಡಾರಗಳ ಪ್ರವಾಸಕ್ಕೆ ಒಬ್ಬಿಬ್ಬರಾದರೆ ಡಾಯ್ಚ್‌ಲಾಂಡ್ ಟಿಕೆಟ್ಟೇ ಸಾಕು. ಫ್ರಾಂಕ್‌ಫರ್ಟ್‌ನಿಂದ ಸ್ಟುಟ್‌ಗಾರ್ಟ್‌ಗೆ ಐಸಿಇ ಒಂದೂವರೆ ಗಂಟೆ ತೆಗೆದುಕೊಂಡರೆ ಪ್ರಾದೇಶಿಕ ರೈಲುಗಳಲ್ಲಿ ಅದರ ದುಪ್ಪಟ್ಟು ಹೊತ್ತು ಬೇಕು. ಬೇಕೆನಿಸಿದರೆ ಆ ಒಂದು ಪಯಣಕ್ಕೆ ಸ್ಪಾರ್‌ಪ್ರೈಸ್ ಕೊಳ್ಳಬಹುದು. ನಾಲ್ಕೈದು ಜನರ ಕುಟುಂಬ ಪೂರ್ತಿ ರೈಲಿನಲ್ಲಿ ಸುತ್ತುವುದು ಎರಡು ಮೂರು ದಿನ ಮಾತ್ರವಾದರೆ ರಾಜ್ಯ ಟಿಕೆಟ್ ಮೇಲು. ದರಗಳನ್ನೂ ಸಮಯವನ್ನೂ ಜರ್ಮನ್ ರೈಲ್ವೆಯ ‘ಡಿಬಿ ನ್ಯಾವಿಗೇಟರ್’ ಆ್ಯಪ್‌ನಲ್ಲಿ ಹೋಲಿಸಿ ನೋಡಬೇಕು.

ಹಂತ 6: ವಸತಿ ಮತ್ತು ಊಟ

ಯೂತ್ ಹಾಸ್ಟೆಲ್ ಹುಟ್ಟಿದ್ದೇ ಜರ್ಮನಿಯಲ್ಲಿ. 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಮೊದಲ ಕಾಯಂ ಹಾಸ್ಟೆಲ್ ತೆರೆಯಿತು. ಇಂದಿಗೂ ಕುಟುಂಬಗಳಿಗೂ ಕೋಣೆ ಕೊಡುವ ಈ ‘ಯುಗೆಂಡ್‌ಹೆರ್‌ಬೆರ್ಗೆ’ಗಳು ಅಗ್ಗದ, ಶುಚಿಯಾದ ವಸತಿ. ಬೆಳಗಿನ ತಿಂಡಿ ಸಾಮಾನ್ಯವಾಗಿ ಬಾಡಿಗೆಯಲ್ಲೇ ಸೇರಿರುತ್ತದೆ. ರದ್ದು ಮಾಡಲು ಅವಕಾಶವಿರುವ ಕೋಣೆಯನ್ನೇ ಕಾಯ್ದಿರಿಸಿದರೆ ವೀಸಾ ಅರ್ಜಿಗೂ ಅನುಕೂಲ. ಅಡುಗೆಮನೆ ಇರುವ ಕಡೆ ಉಳಿದರೆ ಊಟದ ಖರ್ಚು ಬಹಳಷ್ಟು ಇಳಿಯುತ್ತದೆ.

ಅವಲಕ್ಕಿ, ರಾಗಿಹಿಟ್ಟು, ಚಟ್ನಿಪುಡಿ, ಕೋಡುಬಳೆ ಒಯ್ಯಬಹುದು. ತುಪ್ಪ, ಹಾಲಿನ ಪದಾರ್ಥ, ಮಾಂಸ, ಹಸಿ ಕರಿಬೇವನ್ನು ಒಯ್ಯುವಂತಿಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣಗಳ ಅಂಗಡಿಗಳು ಮಾತ್ರ ತೆರೆದಿರುತ್ತವೆ. ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಬೇಕು. ನಲ್ಲಿಯ ನೀರು ಕುಡಿಯಲು ಯೋಗ್ಯ. ಬಾಟಲಿ ನೀರು ಕೊಂಡರೆ 25 ಸೆಂಟ್ ಠೇವಣಿ ಸೇರಿರುತ್ತದೆ, ಖಾಲಿ ಬಾಟಲಿಯನ್ನು ಸೂಪರ್ ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ಆ ಹಣ ಮರಳುತ್ತದೆ.

ಹಂತ 7: ಊರಿನಿಂದ ಹೊರಟು ರೈಲು ಹತ್ತುವವರೆಗೆ

ಮಳವಳ್ಳಿ ತಾಲ್ಲೂಕಿನಲ್ಲಿ ರೈಲು ಹಳಿ ಇಲ್ಲ. ಪೂರಿಗಾಲಿಯಿಂದ ಮಳವಳ್ಳಿ ಮೂಲಕ ಮದ್ದೂರಿಗೆ ಬಂದು ಬೆಂಗಳೂರು ರೈಲು ಹಿಡಿಯಬೇಕು. ಬೆಂಗಳೂರಿನಲ್ಲಿ ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್ಸು ವಿಮಾನ ನಿಲ್ದಾಣಕ್ಕೆ ಒಯ್ಯುತ್ತದೆ. ಕೈಯಲ್ಲಿ ಬ್ಯಾಂಕಿನ ಯೂರೊ ಕಾರ್ಡ್ ಜತೆಗೆ ಸ್ವಲ್ಪ ನಗದೂ ಇರಲಿ, ಚಿಕ್ಕ ಅಂಗಡಿಗಳಲ್ಲಿ ಕಾರ್ಡ್ ನಡೆಯದಿರಬಹುದು.

ಅಲ್ಲಿನ ನಿಲ್ದಾಣಗಳಲ್ಲಿ ಮುಖ್ಯ ನಿಲ್ದಾಣಕ್ಕೆ ‘ಹೌಪ್ಟ್‌ಬಾನ್‌ಹೋಫ್’ ಎಂದೂ ಪ್ಲಾಟ್‌ಫಾರ್ಮ್‌ಗೆ ‘ಗ್ಲೈಸ್’ ಎಂದೂ ಬರೆದಿರುತ್ತದೆ. ವೇಟಿಂಗ್ ಲಿಸ್ಟ್ ಎಂಬುದಿಲ್ಲ. ಐಸಿಇಯಲ್ಲಿ ಟಿಕೆಟ್ ಬೇರೆ, ಆಸನ ಕಾಯ್ದಿರಿಸುವಿಕೆ ಬೇರೆ; ವಯಸ್ಸಾದವರು, ಮಕ್ಕಳು ಜತೆಗಿದ್ದರೆ ಕಾಯ್ದಿರಿಸುವುದೇ ಸರಿ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ ಕನಿಷ್ಠ 60 ಯೂರೊ.

ಜರ್ಮನಿಯ ರೈಲು ನಿಮಿಷ ತಪ್ಪದೆ ಬರುತ್ತದೆ ಎಂಬ ನಂಬಿಕೆ ಬಿಡಬೇಕು. 2024ರಲ್ಲಿ ಸಮಯಕ್ಕೆ ಸರಿಯಾಗಿ ಬಂದ ದೂರದ ರೈಲುಗಳು ಶೇ 62.5 ಮಾತ್ರ. ಗಮ್ಯಕ್ಕೆ 20 ನಿಮಿಷಕ್ಕಿಂತ ತಡವಾಗುವುದು ಖಚಿತವಾದರೆ ಸ್ಪಾರ್‌ಪ್ರೈಸ್‌ನವರೂ ಬೇರೆ ರೈಲು ಹತ್ತಬಹುದು. ಒಂದು ಗಂಟೆ ತಡವಾದರೆ ದರದ ಶೇ 25, ಎರಡು ಗಂಟೆಯಾದರೆ ಶೇ 50 ಪರಿಹಾರ ಕೇಳುವ ಹಕ್ಕಿದೆ. ರೈಲು ಬದಲಿಸುವ ಕಡೆ ಅರ್ಧ ಗಂಟೆಯ ಬಿಡುವು ಇಟ್ಟುಕೊಳ್ಳಬೇಕು, ಮರಳುವ ವಿಮಾನದ ಹಿಂದಿನ ರಾತ್ರಿ ಅದೇ ಊರಿನಲ್ಲಿರಬೇಕು. ತುರ್ತು ಸಹಾಯಕ್ಕೆ 112. ಭಾರತದ ರಾಯಭಾರ ಕಚೇರಿ ಬರ್ಲಿನ್‌ನಲ್ಲಿದೆ. ಫ್ರಾಂಕ್‌ಫರ್ಟ್, ಮ್ಯೂನಿಕ್, ಹ್ಯಾಂಬರ್ಗ್‌ಗಳಲ್ಲಿ ಕಾನ್ಸುಲೇಟ್‌ಗಳಿವೆ.

ಒಟ್ಟು ಲೆಕ್ಕವನ್ನು ವಿಮಾನ, ವೀಸಾ ಮತ್ತು ವಿಮೆ, ವಸತಿ, ರೈಲು, ಊಟ ಎಂದು ಐದು ಸಾಲಿನಲ್ಲಿ ಬರೆದು, ಹತ್ತನೇ ಒಂದು ಭಾಗವನ್ನು ಆಪತ್ತಿಗೆಂದು ಎತ್ತಿಡಬೇಕು. ಈ ಪೈಕಿ ವಿಮಾನದ ದರ ಪ್ರಯಾಣಿಕರ ಹಿಡಿತದಲ್ಲಿಲ್ಲ. ಉಳಿದ ಖರ್ಚು ತಗ್ಗುವುದು ದಿನವನ್ನು ಮೊದಲೇ ಆರಿಸಿ, ಊರುಗಳನ್ನು ಕಡಿಮೆ ಮಾಡಿ, ಪ್ರಾದೇಶಿಕ ರೈಲನ್ನೇ ನೆಚ್ಚಿಕೊಂಡವರಿಗೆ.