ರಜೆಯ ಮುಂಜಾವು

(ಕ್ಯಾಲಿಫೋರ್ನಿಯಾದಿಂದ ಮೂರು ವಾರದ ರಜೆಗೆ ಶಿರಸಿಯ ಮನೆಗೆ ಬಂದು ನಾಲ್ಕು ದಿನಗಳಾದರೂ, ಹಂಬಲಿಸಿದ್ದ ಯಾವುದೂ ರುಚಿಸುತ್ತಿಲ್ಲವೆಂದು ಓದುಗರೊಬ್ಬರು ಬರೆದಿದ್ದಾರೆ.)

ಈ ಅರುಚಿಯನ್ನು ತಾವು ಮನಸ್ಸಿನ ದೋಷವೆಂದು ಭಾವಿಸುವ ಮುನ್ನ ದೇಹದ ಬಳಲಿಕೆಯೆಂದೇ ತಿಳಿಯತಕ್ಕದ್ದು. ಬೇಸಗೆಯಲ್ಲಿ ಅಲ್ಲಿಗೂ ಇಲ್ಲಿಗೂ 12 ಗಂಟೆ 30 ನಿಮಿಷಗಳ ಅಂತರವಿದ್ದು, ದೇಹದ ಗಡಿಯಾರವು ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುವುದರಿಂದ, ನಿದ್ರೆಯೂ ಹಸಿವೂ ಹದಕ್ಕೆ ಬರಲು ವಾರಕ್ಕೆ ಮಿಗಿಲಾದ ಕಾಲ ಹಿಡಿಯುತ್ತದೆ. ಹಗಲು ದೀರ್ಘವಾಗಿ ಮಲಗದೆ ತೋಟದಲ್ಲಿ ಅಡ್ಡಾಡಿರಿ.

ಬ್ಯಾಂಕು, ಪಹಣಿಗಳ ಕೆಲಸವನ್ನು ಎರಡೇ ದಿನಗಳಲ್ಲಿ ಮುಗಿಸಿ, ಬಂಧುಗಳ ಭೇಟಿಯನ್ನು ಸಂಜೆಗಷ್ಟೇ ಒಪ್ಪಿಕೊಂಡು, ಮುಂಜಾವನ್ನು ಮಾತ್ರ ಯಾರಿಗೂ ಕೊಡದಿರಿ: ಬಚ್ಚಲೊಲೆಯ ಹೊಗೆವಾಸನೆ ಹತ್ತಿದ ಬಿಸಿನೀರನ್ನು ತಾಮ್ರದ ಹಂಡೆಯಿಂದ ಮೊಗೆಮೊಗೆದು ಮಿಂದು, ತಾಯಿಯವರು ಒಂದೆಲಗವನ್ನು ರುಬ್ಬಿ ಮಜ್ಜಿಗೆಗೆ ಬೆರೆಸಿ ತಂಬುಳಿಗೆ ಒಗ್ಗರಣೆ ಕೊಡುವಾಗ ಪಕ್ಕದಲ್ಲಿ ಸುಮ್ಮನೆ ಕುಳಿತಿರುವುದಕ್ಕಿಂತ ಹಿರಿದಾದ ಔಷಧವನ್ನು ನಾನು ಬರೆದುಕೊಡಲಾರೆ. ಫೋನು ಆಗ ಒಳಕೋಣೆಯಲ್ಲಿರಲಿ. ಚಿತ್ರ ತೆಗೆಯುವ ತವಕವು ಸವಿಯುವ ಗಮನವನ್ನೇ ಕಸಿದುಕೊಳ್ಳುತ್ತದೆ.

ಎರಡು ವಾರ ಕಳೆದರೂ ನಿರಾಸಕ್ತಿ ಬಿಡದೆ, ನಿದ್ರಾಹಾರಗಳು ಕೆಟ್ಟೇ ಇದ್ದಲ್ಲಿ ಮನೋವೈದ್ಯರನ್ನು ಕಾಣಿರಿ. ಇಲ್ಲಿರುವಷ್ಟು ದಿನ ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬದುಕೇ ಬೇಡವೆನಿಸಿದರಂತೂ ಎರಡು ವಾರ ಕಾಯದೆ ಆ ದಿನವೇ ವೈದ್ಯರಲ್ಲಿಗೆ ಹೋಗಿರಿ.