ಎತ್ತರ ಇರುವಾಗಲೇ ಹೊಲ ಆರಿಸಿಕೊ

ಗ್ಲೈಡರ್ ಕಲಿಯೋಕೆ ಹೊರಟಿದ್ದೀಯಂತೆ ಮಗಾ. ನಿಮ್ಮಮ್ಮ ಫೋನಿನಲ್ಲಿ ಒಂದೇ ಸಮನೆ ಗೋಳಾಡಿದಳು. ನಮ್ಮ ತಾಲ್ಲೂಕಿನ ಜಾವಗಲ್ ಕಡೆ ಬೇಸಾಯ ಮಾಡಿದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ವಿಮಾನ ಕಂಪನಿಯನ್ನೇ ಶುರು ಮಾಡಿದರು, ಕಣಕಟ್ಟೆ ಹುಡುಗ ಹಾರಿದರೆ ಏನಂತೆ ಅಂತ ಸಮಾಧಾನ ಹೇಳಿದೆ. ಅದು ಅವಳಿಗೆ. ಗ್ಲೈಡರ್ ಕಲಿಸಿ ನಿವೃತ್ತನಾದ ಮಾವನಾಗಿ ನಿನಗೆ ಹೇಳೋದು ಬೇರೆ ಇದೆ.

2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ಏನಾಯಿತು ನೋಡು. ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿ ಬಂತು. ಇಳಿಸೋದು ಬೇಡ, ಮತ್ತೆ ಮೇಲೇರೋಣ ಅಂತ ಸಹಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಇಳಿಸಿಬಿಟ್ಟರು. ಸುಮಾರು 8,000 ಅಡಿ ರನ್‌ವೇಯಲ್ಲಿ 5,000 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. 158 ಜನ ಹೋದರು. ಆ ಪೈಲಟ್‌ಗಳಿಗೆ ಇಂಜಿನ್ ಇತ್ತು, ಇನ್ನೊಂದು ಸುತ್ತು ಬರಬಹುದಿತ್ತು. ನಿನಗೆ ಆ ಅವಕಾಶವೇ ಇರೋದಿಲ್ಲ.

ಗ್ಲೈಡರ್ ಕೆಡೋದು ಹೆಚ್ಚಾಗಿ ಆಸೆಯಿಂದ. ಇಲ್ಲೆಲ್ಲೋ ಮೇಲೇಳೋ ಬಿಸಿಗಾಳಿ ಸಿಕ್ಕೀತು ಅಂತ ಸುತ್ತುತ್ತಾ ಎತ್ತರ ಕಳೆದುಕೊಳ್ತೀಯ. ಎರಡು ಸಾವಿರ ಅಡಿಗೆ ಬಂದಾಗ ಹೊಲ ಹುಡುಕಲು ಶುರು ಮಾಡು, ಸಾವಿರಕ್ಕೆ ಬರೋ ಹೊತ್ತಿಗೆ ಯಾವ ಹೊಲ ಅನ್ನೋದು ಗಟ್ಟಿಯಾಗಿರಲಿ. ತಡವಾದರೆ ಕೊನೆಯ ತಿರುವು ತೀರಾ ಕೆಳಗೆ ಬೀಳುತ್ತದೆ. ನೆಲ ಹತ್ತಿರ ಕಂಡಾಗ ಕೈ ತಾನಾಗಿ ಕಂಟ್ರೋಲ್ ಸ್ಟಿಕ್ಕನ್ನು ಹಿಂದಕ್ಕೆಳೆಯುತ್ತದೆ, ಕಾಲು ರಡ್ಡರನ್ನು ಹೆಚ್ಚಾಗಿ ಒತ್ತುತ್ತದೆ. ನೆಟ್ಟಗೆ ಹಾರುವಾಗ 70 ಕಿಲೋಮೀಟರ್ ವೇಗಕ್ಕೆ ಸ್ಟಾಲ್ ಆಗೋ, ಅಂದರೆ ರೆಕ್ಕೆ ಎತ್ತಿಹಿಡಿಯೋ ಶಕ್ತಿ ಕಳೆದುಕೊಳ್ಳೋ ಗ್ಲೈಡರ್, 45 ಡಿಗ್ರಿ ವಾಲಿಸಿ ತಿರುಗಿಸಿದರೆ 83ಕ್ಕೇ ಸ್ಟಾಲ್ ಆಗುತ್ತದೆ. ಅಷ್ಟು ಕೆಳಗೆ ಸ್ಟಾಲ್ ಆಗಿ ಗಿರಕಿ ಹೊಡೆದರೆ ಸರಿಮಾಡಿಕೊಳ್ಳಲು ಎತ್ತರವೇ ಉಳಿದಿರೋದಿಲ್ಲ.

ಗಾಳಿಯೂ ಮೋಸ ಮಾಡುತ್ತದೆ. ಆಷಾಢದಲ್ಲಿ ಮೇಲೆ ಭರ್ರೋ ಅನ್ನೋ ಗಾಳಿ ತೋಟದ ಮರೆಗೆ ಬರುತ್ತಲೇ ಸತ್ತುಹೋಗುತ್ತದೆ. ಎದುರುಗಾಳಿ ಕಡಿಮೆಯಾದ ಕ್ಷಣ ರೆಕ್ಕೆಯ ಮೇಲೆ ಹರಿಯೋ ಗಾಳಿಯ ವೇಗವೂ ಅಷ್ಟೇ ಇಳಿದು ಗ್ಲೈಡರ್ ಧೊಪ್ಪನೆ ಕುಸಿಯುತ್ತದೆ. ಗಾಳಿಯ ದಿನ ಕೈಯಲ್ಲಿ ಒಂದಿಷ್ಟು ವೇಗ ಜಾಸ್ತಿ ಇಟ್ಟುಕೊ.

ಹಬ್ಬಕ್ಕೆ ಊರಿಗೆ ಬಂದಾಗ ಬಸ್ಸಿನಲ್ಲಿ ಮೊಬೈಲ್ ನೋಡೋದು ಬಿಟ್ಟು ಕಿಟಕಿಯಿಂದ ಹೊಲ ನೋಡು. ರಾಗಿ ಕುಯ್ದ ಕೂಳೆ ಹೊಲ ಒಳ್ಳೆಯದು. ಉತ್ತಿದ್ದರೆ ಸಾಲಿನುದ್ದಕ್ಕೆ ಇಳಿಸಬೇಕು. ಮುಸುಕಿನ ಜೋಳ ಎದೆಮಟ್ಟ ಬೆಳೆದಿದ್ದರೆ ಒಂದು ರೆಕ್ಕೆಯ ತುದಿ ಸಿಕ್ಕಿಕೊಂಡರೂ ಸಾಕು, ಗ್ಲೈಡರ್ ಗಿರ್ರನೆ ತಿರುಗಿ ಬಾಲ ಮುರಿಯುತ್ತದೆ. ಒಣಗಿದ ಕೆರೆಯಂಗಳ ಮೇಲಿಂದ ಅಂಗೈಯಷ್ಟು ಸಮ ಕಾಣುತ್ತದೆ. ಒಳಗೆ ಹೂಳೆತ್ತಿದ ಗುಂಡಿ, ಬಳ್ಳಾರಿ ಜಾಲಿ. ನಂಬಬೇಡ. ಇಳಿಜಾರಾದರೆ ಏರುಮುಖವಾಗಿಯೇ ಇಳಿಸು, ಗಾಳಿ ಸ್ವಲ್ಪ ಬೆನ್ನಿಗಿದ್ದರೂ ಸರಿ. ಕರೆಂಟಿನ ತಂತಿ ಮೇಲಿಂದ ಕಾಣೋದೇ ಇಲ್ಲ, ಕಂಬ ಹುಡುಕು. ತೋಟದಲ್ಲಿ ಬೋರ್‌ವೆಲ್ ಮನೆ ಕಂಡರೆ ಅಲ್ಲಿಗೊಂದು ಲೈನ್ ಬಂದೇ ಇರುತ್ತದೆ. ಬದುವಿನ ಕಲ್ಲುಕಂಬದ ಬೇಲಿ ಇನ್ನೂ ಕೆಟ್ಟದ್ದು.

ಚಕ್ರ ಇಳಿಸಲು ಮರೆಯೋದು, ಏರ್‌ಬ್ರೇಕ್ ಅಂದುಕೊಂಡು ಬೇರೆ ಲಿವರ್ ಎಳೆಯೋದು, ಇವು ಹಳಬರಿಂದಲೂ ಆಗಿವೆ. ಕೈ ಹಾಕೋ ಮುಂಚೆ ಕಣ್ಣಿಟ್ಟು ನೋಡು, ಅಷ್ಟೇ.

ಯಾರದೋ ಹೊಲದಲ್ಲಿ ಇಳಿದೆ ಅನ್ನು. ಹುಡುಗರು ಓಡಿಬಂದು ರೆಕ್ಕೆ ಮೇಲೆ ಕೂತುಬಿಡುತ್ತಾರೆ, ಮೊದಲು ಅವರನ್ನು ದೂರ ನಿಲ್ಲಿಸು. ಹೊಲದ ಯಜಮಾನರು ಬಂದರೆ ನಮಸ್ಕಾರ ಹೇಳಿ, ಹಾಳಾದ ಬೆಳೆಗೆ ಏನು ಕೊಡಬೇಕು ಅಂತ ನೀನೇ ಕೇಳು. ಕ್ಲಬ್ಬಿಗೆ ಫೋನ್ ಆಮೇಲೆ ಮಾಡಿದರಾಯಿತು. ನಿಮ್ಮಮ್ಮನಿಗೆ ಮಾತ್ರ ಗ್ಲೈಡರನ್ನು ಟ್ರೇಲರಿಗೆ ಹಾಕಿದ ಮೇಲೆ.